ಅಪ್ಪ ಉಜ್ಜಿದ ಬ್ಲೇಡು

ಮಗಳು ಕ್ಯಾಲಿಪರ್ ಒರೆಸಿಕೊಂಡು ಅದೇ ಜಾಗವನ್ನು ಮತ್ತೆ ಅಳೆದಳು. ಅಳತೆ ಬದಲಾಗಲಿಲ್ಲ. ಪ್ರೊಪೆಲ್ಲರಿನ ಎರಡು ಬ್ಲೇಡುಗಳಲ್ಲಿ ಒಂದರ ಅಗಲ, ತುದಿಯಿಂದ ಗೇಣು ಒಳಗೆ, ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿತ್ತು. ಕೂದಲೆಳೆ ತಾನೇ ಎಂದು ಬಿಟ್ಟುಬಿಡುವ ಕಸುಬಲ್ಲ ಇದು. ಈ ಬ್ಲೇಡನ್ನು ಕಟ್ಟಿಕೊಂಡು ಹಾರುವವರು ನಾಳೆ ತಮ್ಮ ಮನೆಗೆ ಊಟಕ್ಕೆ ಮರಳಬೇಕು.

ಗೊತ್ತುಪಡಿಸಿದಷ್ಟು ಗಂಟೆ ಹಾರಿದ ಪ್ರೊಪೆಲ್ಲರುಗಳು ದುರಸ್ತಿಗೆಂದು ಅಪ್ಪ ಮಗಳ ಶೆಡ್ಡಿಗೆ ಬರುತ್ತಿದ್ದವು. ಬಿಚ್ಚಿ, ತೊಳೆದು, ಬಿರುಕು ಹುಡುಕಿ, ರನ್‌ವೇಯ ಕಲ್ಲು ತಗುಲಿ ಕಚ್ಚು ಬಿದ್ದ ಕಡೆ ಅರ ಹಾಕಿ ನುಣುಪು ಮಾಡಬೇಕು. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ. ಸೋಪಿನ ಹಾಗೆ, ಉಜ್ಜಿದಷ್ಟೂ ಸವೆತ. ಮಿತಿ ದಾಟಿದ ಬ್ಲೇಡನ್ನು ಅಲ್ಲೇ ಗರಗಸದಿಂದ ಎರಡು ತುಂಡು ಮಾಡಬೇಕು. ಇಲ್ಲದಿದ್ದರೆ ಯಾವನೋ ಜಾಣ ಬಣ್ಣ ಬಳಿದು ಇನ್ನೊಬ್ಬನಿಗೆ ಮಾರಿಯಾನು.

ಈ ಬ್ಲೇಡನ್ನು ಹಿಂದೆ ಎರಡು ಸಲ ಉಜ್ಜಿದವನು ಅಪ್ಪ. ಅವನ ಕೈಯ ಹೊಳಪಿಗೆ ಸುತ್ತಲಿನ ಏರೋಡ್ರೋಮುಗಳಲ್ಲೆಲ್ಲ ಹೆಸರಿತ್ತು. ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು ಎನ್ನುತ್ತಿದ್ದರು. ಕಚ್ಚು ಹೋದ ಮೇಲೂ ಅಪ್ಪ ಉಜ್ಜುತ್ತಲೇ ಇರುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಅವನಿಗೆ ಬ್ಲೇಡು. ಆ ಮುದ್ದೇ ಇದನ್ನು ತಿಂದಿತ್ತು. ಈ ವರ್ಷದಿಂದ ಶೆಡ್ಡಿನಲ್ಲಿ ಪಾಸ್ ಮಾಡುವ ಸಹಿ ಮಗಳದು. ಅಪ್ಪನ ಕೆಲಸವನ್ನೇ ಅಪ್ಪನೆದುರು ತಳ್ಳಿಹಾಕಬೇಕಲ್ಲ ಎಂದು ಅವಳಿಗೆ ನಿಜಕ್ಕೂ ಭಯವಾಯಿತು.

ಮುಂದಿನ ಕೋಣೆಯಲ್ಲಿ ಅಪ್ಪ ಕ್ಯಾಪ್ಟನ್ ಜೊತೆ ಟೀ ಕುಡಿಯುತ್ತಿದ್ದ. ಕ್ಯಾಪ್ಟನ್ ಅಪ್ಪನ ಹಳೆಯ ಗೆಳೆಯ, ವಿಮಾನ ಕಲಿಸುವ ಶಾಲೆಯ ಯಜಮಾನ, ಪ್ರೊಪೆಲ್ಲರ್ ಅವನದೇ. ಮಗಳು ಕ್ಯಾಲಿಪರ್ ಹಿಡಿದೇ ಬಾಗಿಲಿಗೆ ಬಂದು ನಿಂತಳು.

"ಏನಮ್ಮಾ, ಖರ್ಚು ಹೋದ ಸಲದಷ್ಟೇ ತಾನೇ?" ಎಂದ ಕ್ಯಾಪ್ಟನ್.

"ಇಲ್ಲ ಅಂಕಲ್. ಒಂದು ಬ್ಲೇಡು ಹೋಯ್ತು."

"ಎಲ್ಲಿಗೆ ಹೋಯ್ತು? ಅಲ್ಲೇ ಫಳಫಳ ಅಂತಿದೆಯಲ್ಲ!"

"ಅಗಲ ಸಾಲಲ್ಲ. ಬಿಚ್ಚಿ, ಪರೀಕ್ಷೆ ಮಾಡಿ, ಸೀಲು ಬದಲಾಯಿಸಿ ಜೋಡಿಸೋದಕ್ಕೆ ಹೋದ ಸಲದಷ್ಟೇ ಆಗುತ್ತೆ. ಆದ್ರೆ ಹೊಸ ಬ್ಲೇಡು ಒಂದಕ್ಕೇ ಅದಕ್ಕಿಂತ ಜಾಸ್ತಿ."

ಕ್ಯಾಪ್ಟನ್ ಲೋಟ ಕೆಳಗಿಟ್ಟ. "ನಿಮ್ಮಪ್ಪ ಎರಡು ಸಲ ಪಾಸ್ ಮಾಡಿದ ಬ್ಲೇಡಮ್ಮಾ ಅದು."

"ಪಾಸ್ ಮಾಡಿದಾಗ ಸರಿಯಾಗೇ ಇತ್ತು ಅಂಕಲ್. ಆದ್ರೆ..." ಅವಳು ಅಪ್ಪನ ಕಡೆ ನೋಡಿದಳು. "ಉಜ್ಜಿದ್ದು ಜಾಸ್ತಿ ಆಯ್ತು, ಅಪ್ಪ. ಈ ಸಲದ ಕಚ್ಚು ತೆಗೆದದ್ದೇ ಮಿತಿ ದಾಟಿಬಿಡ್ತು."

ಅಪ್ಪ ಎದ್ದು ಮಗಳ ಕೈಯಿಂದ ಕ್ಯಾಲಿಪರ್ ತೆಗೆದುಕೊಂಡ. ಅವಳೊಡನೆ ಬೆಂಚಿನ ಬಳಿ ಹೋಗಿ ಬ್ಲೇಡಿಗೆ ಹಿಡಿದ. ಕ್ಯಾಲಿಪರನ್ನು ಚೂರು ಓರೆ ಹಿಡಿದರೆ ಅಳತೆ ಚೂರು ಹೆಚ್ಚು ಬರುತ್ತದೆ. ಈ ಕಸುಬಿನಲ್ಲಿ ಕೂದಲು ನರೆದವರಿಗೆಲ್ಲ ಗೊತ್ತಿರುವ ಮಾತು. ಅಪ್ಪನ ಕೈ ಓರೆಯಾಗಿತ್ತು. ಬೇಕೆಂದೇ ಹಾಗೆ ಹಿಡಿದನೋ, ಆಸೆ ಹಾಗೆ ಹಿಡಿಸಿತೋ, ಅವನಿಗೇ ಗೊತ್ತು.

"ಅಪ್ಪ, ನೇರ ಹಿಡಿ," ಎಂದಳು ಮಗಳು ಮೆಲ್ಲಗೆ.

ಅಪ್ಪನ ಕಿವಿ ಕೆಂಪಾಯಿತು. ನೇರ ಹಿಡಿದು ಓದಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ.

"ಕೂದಲೆಳೆಯಷ್ಟಕ್ಕೆ ಇಷ್ಟೊಂದು ರಾದ್ಧಾಂತವೇನೋ?" ಹಿಂದೆಯೇ ಬಂದಿದ್ದ ಕ್ಯಾಪ್ಟನ್ ಹೇಳಿದ. "ನೀನೇ ಒಂದು ಸಹಿ ಗೀಚು, ಮುಗೀತು."

"ಸಹಿ ಅವಳ್ದು."

"ಅವಳು ನಿನ್ನ ಮಗಳಲ್ವೇನೋ?"

"ಹೌದು ಕಣೋ," ಅಪ್ಪ ತಿರುಗಿ ನಿಂತ. ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. "ನನ್ನ ಮಗಳೇ. ಅದಕ್ಕೇ ಹೇಳ್ತಿರೋದು, ಅವಳು ಬೇಡ ಅಂದ್ಮೇಲೆ ಬೇಡ. ನಿನ್ನ ಹುಡುಗರು ಕೂತು ಹಾರೋ ವಿಮಾನ ಅದು. ಹೊಳಪಿನ ಹುಚ್ಚು ನಂದು, ತಪ್ಪೂ ನಂದೇ. ಈ ಸಲ ನಮ್ಮ ಕೂಲಿ ಬೇಡ, ಬ್ಲೇಡಿನ ದುಡ್ಡಷ್ಟೇ ಕೊಡು." ಮಾತು ಮುಗಿಸಿದ ಮೇಲೆ ನೆನಪಾದವನಂತೆ ಮಗಳ ಮುಖ ನೋಡಿದ. ಅವಳು ಆಗಲಿ ಎಂದು ತಲೆಯಾಡಿಸಿದಳು. ಇಂಥ ಅಪ್ಪ ಎಷ್ಟು ಜನಕ್ಕಿದ್ದಾನು ಎಂದು ಹೆಮ್ಮೆಯಾಯಿತು.

ಕ್ಯಾಪ್ಟನ್ ಗೊಣಗುತ್ತ ಕುರ್ಚಿ ಎಳೆದುಕೊಂಡ. "ಅಪ್ಪ ಮಗಳು ಸೇರಿ ನನ್ನ ತಲೆ ಬೋಳಿಸಿದ್ರಿ. ಆಯ್ತು, ತರಿಸು. ಇನ್ನೊಂದು ಟೀನಾದ್ರೂ ಕೊಡ್ತೀರೋ ಇಲ್ವೋ?"

ಗರಗಸ ಹುಡುಕಿ ತಂದವನು ಅಪ್ಪನೇ. ಬ್ಲೇಡನ್ನು ಎತ್ತಿ, ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಹೊರಟವನು ತಡೆದು, ಹೆಗಲ ಮೇಲಿನ ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿ, ಹೊಳಪಿಗೆ ಗೀರು ಬೀಳದಂತೆ ಕಬ್ಬಿಣದ ದವಡೆಯ ಒಂದು ಮಗ್ಗುಲಿಗೆ ಇಟ್ಟ. ಇನ್ನೊಂದು ಮಗ್ಗುಲಿಗೆ ಏನಾದರೂ ಸಿಕ್ಕೀತೇ ಎಂದು ಸುತ್ತ ನೋಡಿದ.

ಮಗಳು ತನ್ನ ಹೆಗಲ ಬಟ್ಟೆ ಮಡಿಸಿ ಅಲ್ಲಿಟ್ಟಳು. ಆಮೇಲೆ ಬ್ಲೇಡಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.