ಪಾಯ್ಸರ ಯುರೋಪ್ ಕಾರು

ಸ್ವೀಡಲ್ ತನ್ನ ದುಡಿಮೆಯಲ್ಲಿ ಕೊಂಡ ಮೊದಲ ಕಾರು ಮನೆಗೆ ಬಂದಾಗಿನಿಂದ ಅವಳ ಅಪ್ಪ ಪಾಯ್ಸರ ಕಾಲು ನೆಲದ ಮೇಲಿರಲಿಲ್ಲ. ಅರಬ್ ದೇಶದ ಊದ್ ಮೇಥಾ ಬಡಾವಣೆಯಲ್ಲಿ ಅವರಿದ್ದ ಕಟ್ಟಡದ ವಾಚ್‌ಮನ್‌ನಿಂದ ಹಿಡಿದು ಮಂಗಳೂರಿನ ಭಾವನ ತನಕ ಎಲ್ಲರಿಗೂ ಸುದ್ದಿ ಮುಟ್ಟಿತ್ತು. "ಬಾಗಿಲು ಹಾಕಿದ ಶಬ್ದ ಕೇಳಿ ಮಾರಾಯ್ರೇ, ಯುರೋಪ್ ಅಂದ್ರೆ ಯುರೋಪೇ!" ಎಂದು ತೆರೆದು ಹಾಕಿ, ತೆರೆದು ಹಾಕಿ, ಪಾಪ, ಆ ಬಾಗಿಲಿಗೇ ಸುಸ್ತಾಗಿರಬೇಕು. ಚೀನಾ ಮಾಲೆಂದರೆ ಮಾತ್ರ ಪಾಯ್ಸರಿಗೆ ಆಗಿಬರುತ್ತಿರಲಿಲ್ಲ. ಒಂದು ಛತ್ರಿಯನ್ನೂ ಹೊಸಿಲು ದಾಟಿಸಿದವರಲ್ಲ.

ಸ್ವೀಡಲ್‌ಗೆ ಇದ್ದದ್ದು ಒಂದೇ ಆಸೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಪಾದ್ರಿಗಳು ಕಾರನ್ನು ಆಶೀರ್ವದಿಸುವಾಗ ಅಪ್ಪ ಪಕ್ಕದಲ್ಲಿರಬೇಕು. ಆದರೆ ಕಾರಿನ ಹೆಸರು ಯುರೋಪಿನದ್ದಾದರೂ ಅದು ತಯಾರಾದದ್ದು ಚೀನಾದಲ್ಲಿ! ಈಗ ಹೇಳೋಣ, ಆಮೇಲೆ ಹೇಳೋಣ ಎಂದು ಮುಂದೂಡುತ್ತಲೇ ಬಂದಿದ್ದಳು. ಪವಿತ್ರ ಜಲ ಬೀಳುವ ಗಾಡಿಯಲ್ಲಿ ಸುಳ್ಳನ್ನು ಕೂರಿಸಿಕೊಂಡು ಹೋಗುವುದು ಹೇಗೆ? ಇಗರ್ಜಿಗೆ ಹೊರಡುವ ಹೊತ್ತಿಗೆ, ಅಪ್ಪ ಕೋಟಿನ ಗುಂಡಿ ಹಾಕುತ್ತಿದ್ದಾಗ, ಹೇಳಿಯೇಬಿಟ್ಟಳು.

"ಸಾಯ್ಬಾ ಭೊಗೊಸ್!" ದೇವರನ್ನು ಕರೆಯುತ್ತ ಪಾಯ್ಸ್ ಸೋಫಾದಲ್ಲಿ ಕುಸಿದರು. "ಚೈನಾದ್ದಾ? ನಿನಗೆ ಟೋಪಿ ಹಾಕಿದ್ದಾರೆ ಬಾಯ್, ನನ್ನ ಮಗಳೇ!"

"ಟೋಪಿ ಅಲ್ಲ ಪಪ್ಪಾ. ಯುರೋಪಿನ ಕಂಪೆನಿ, ಚೈನಾದ ಕಂಪೆನಿ, ಎರಡೂ ಪಾರ್ಟ್‌ನರ್. ಫ್ಯಾಕ್ಟರಿಯಲ್ಲಿ ಇಬ್ಬರದ್ದೂ ಪಾಲುಂಟು. ಶೋರೂಮಿನವರು ಮೊದಲೇ ಹೇಳಿದ್ರು."

"ಎಂತ ಪಾರ್ಟ್‌ನರ್? ಬೆವರು ಸುರಿಸುವುದು ಒಬ್ಬ, ಹೆಸರು ಇನ್ನೊಬ್ಬನದ್ದು! ಮೋಸ ಅಂದ್ರೆ ಇದೇ. ನೀವು ಹೋಗಿ. ನಾನು ಆ ಕಾರಲ್ಲಿ ಕೂರ್ಲಿಕ್ಕಿಲ್ಲ, ಖಲಾಸ್!"

ಸ್ವೀಡಲ್‌ಳ ಕಣ್ಣು ತುಂಬಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ಹಾಗಾದ್ರೆ ನೈಫ್ ಪೇಟೆಯ ನಿಮ್ಮ ಟೈಲರ್ ಅಂಗಡಿಯ ಬೋರ್ಡಲ್ಲಿ ಯಾರ ಹೆಸರುಂಟು ಪಪ್ಪಾ?"

ಬೋರ್ಡಿನಲ್ಲಿದ್ದದ್ದು ಪಾಯ್ಸರ ಅರಬ್ಬಿ ಪಾಲುದಾರ ಸುಹೈಲನ ಹೆಸರು. ಅವನನ್ನು ಅವರು ಅರ್ಬಾಬ್, ಅಂದರೆ ಧಣಿ, ಎಂದೇ ಕರೆಯುತ್ತಿದ್ದರು. ಅಂಗಡಿ ತೆರೆದ ಕಾಲಕ್ಕೆ ಈ ದೇಶದವನೊಬ್ಬ ಜೊತೆಗಿಲ್ಲದೆ ಲೈಸೆನ್ಸ್ ಸಿಗುತ್ತಿರಲಿಲ್ಲ. ಅರ್ಬಾಬ್ ಆಗಾಗ ಬಂದು ಚಹಾ ಕುಡಿದು ಹೋಗುವನು. ಅಳತೆ, ಕತ್ತರಿ, ಹೊಲಿಗೆ ಎಲ್ಲ ಪಾಯ್ಸರದ್ದು. ಗಿರಾಕಿಗಳೋ, ಹೊಸ ಕೋಟು ತೊಟ್ಟು ಕನ್ನಡಿಯೆದುರು ತಿರುಗಿ, "ಸುಹೈಲನ ಕೆಲಸ ಎಂದರೆ ಕೆಲಸ!" ಎಂದು ಹೊಗಳುವರು.

"ಅಂಥ ದಿನ ಮನೆಗೆ ಬಂದು ನೀವು ಹೊಟ್ಟೆ ಉರಿಸಿಕೊಂಡದ್ದು ಕಮ್ಮಿಯಾ?" ಎಂದು ಸ್ವೀಡಲ್‌ಳ ಅಮ್ಮ ಡೆಲ್ಫಿನ್ ತಲೆ ಬಾಚುತ್ತಲೇ ಒಗ್ಗರಣೆ ಹಾಕಿದರು. "ಅನ್ನ ಕೂಡ ಸೇರ್ತಿರ್ಲಿಲ್ಲ."

"ಅದು ಬೇರೆ. ನಮ್ಮ ಅರ್ಬಾಬ್ ಒಳ್ಳೇ ಮನುಷ್ಯ," ಎಂದರು ಪಾಯ್ಸ್. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಈ ಕಂಪೆನಿಯವರೂ ಒಳ್ಳೆಯವರೇ ಇರಬಹುದು. ಆದ್ರೆ ಆ ಬಾಗಿಲು ಕೂರಿಸಿದವನ ಹೆಸರು ಕಾರಿನ ಮೇಲೆ ಎಲ್ಲಿಯೂ ಇಲ್ಲ ಪಪ್ಪಾ. ನೀವು ಇಷ್ಟು ದಿನ ಹೊಗಳಿದ್ದು ಅವನ ಕೆಲಸವನ್ನೇ."

ಪಾಯ್ಸ್ ಕತ್ತರಿ ಹಿಡಿದು ದಡ್ಡುಗಟ್ಟಿದ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಎದ್ದು, ಉಳಿದ ಗುಂಡಿ ಹಾಕಿಕೊಂಡು ಲಿಫ್ಟಿನ ಕಡೆ ನಡೆದರು. ಸ್ವೀಡಲ್ ಕಾರಿನ ಕೀ ಹಿಡಿದು ಹಿಂದೆಯೇ ಓಡಿದಳು.

ಇಗರ್ಜಿಯ ಅಂಗಳದಲ್ಲಿ ಪಾದ್ರಿಗಳು ಪ್ರಾರ್ಥನೆ ಹೇಳಿ, ಬಾನೆಟ್ಟಿನ ಮೇಲೆ ಪವಿತ್ರ ಜಲ ಚಿಮುಕಿಸಿ ಹೊರಡಲಿದ್ದರು.

"ಫಾದರ್, ಒಂದು ನಿಮಿಷ," ಎಂದರು ಪಾಯ್ಸ್. "ಇದನ್ನು ಮಾಡಿದವರಿಗೂ ಒಂದು ಪ್ರಾರ್ಥನೆ ಹೇಳಿ. ಯಾರೂ ಅವರನ್ನು ನೆನೆಯುವುದಿಲ್ಲ."

ಸ್ವೀಡಲ್ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂತೋಷಕ್ಕೆ ಅವಳಿಗೆ ಪ್ರಾರ್ಥನೆಯ ಶಬ್ದಗಳೇ ಕೇಳಿಸಲಿಲ್ಲ.

ಅಷ್ಟರಲ್ಲಿ ಪಾಯ್ಸರ ಹಳೆಯ ಗೆಳೆಯ ಫಿಡೆಲಿಸ್ ಬಂದು ಕಾರಿಗೊಂದು ಸುತ್ತು ಹಾಕಿದರು. "ಯುರೋಪಿನದ್ದಲ್ವಾ ಪಾಯ್ಸ್? ನೋಡಿದ ಕೂಡಲೇ ಗೊತ್ತಾಗ್ತದೆ!"

"ಹೆಸರು ಅವರದ್ದು," ಎಂದರು ಪಾಯ್ಸ್. "ಮಾಡಿದ್ದು ನಮ್ಮವರು."

"ನಮ್ಮವರಾ? ಮಂಗಳೂರಿನವರಾ?"

"ಚೈನಾದವರು ಮಾರಾಯಾ!" ಎಂದು ಪಾಯ್ಸ್ ಮುಂದಿನ ಸೀಟಿನಲ್ಲಿ ಜಮಾಯಿಸಿ ಕುಳಿತು, ಬೆಲ್ಟ್ ಎಳೆದುಕೊಂಡರು. "ಯಲ್ಲಾ ಬಾಯ್, ಹೋಗುವ."