ಒದ್ದೆ ಗೋಣಿ

ವೈಶಾಖ ಅರ್ಧ ಕಳೆದಿತ್ತು. ಹೊತ್ತು ನೆತ್ತಿಗೆ ಬರುವ ಮೊದಲೇ ಶಹಾಪುರದ ಗುಡ್ಡದ ಬಂಡೆಗಳು ಝಳ ಉಗುಳುತ್ತಿದ್ದವು. ಪಂಪಣ್ಣ ಆಗಲೇ ಎರಡು ಮನೆಯ ಏಸಿ ತೊಳೆದು ಮುಗಿಸಿದ್ದ. ನೀರು ಹಾರಿಸುವ ಪಂಪು, ಪೈಪಿನ ಸುರುಳಿ, ಪಾನಾ-ಸ್ಕ್ರೂಡ್ರೈವರ್ ತುಂಬಿದ ಚೀಲ ಎಲ್ಲವನ್ನೂ ಬೈಕಿಗೆ ಕಟ್ಟಿಕೊಂಡು ಸುರಪುರದಿಂದ ಬಂದವನಿಗೆ ಮೂರನೆಯ ಮನೆಯ ಮೆಟ್ಟಿಲು ಕಂಡೊಡನೆ ಬಲಮೊಣಕಾಲು ನೋಯತೊಡಗಿತು.

ಅದು ಶಾಲೆಯ ಟೀಚರು ಪಂಚಶೀಲಾಳ ಮನೆ. ಅವಳು ಹೆತ್ತು ಇಪ್ಪತ್ತು ದಿನವಾಗಿತ್ತು. ಬಾಣಂತನಕ್ಕೆಂದು ಬಳಿಚಕ್ರದಿಂದ ಬಂದಿದ್ದ ತಾಯಿ ದೇವಕಮ್ಮ ಬಾಗಿಲಲ್ಲೇ ಹಿಡಿದಳು.

"ಈಗ ಬಂದ್ಯಾ ಯಪ್ಪಾ? ಫೋನ್ ಮಾಡಿ ಮೂರು ದಿನ ಆತು. ಕೂಸಿಗಿ ಗಾಳಿ ಬೀಸಿ ಬೀಸಿ ನನ್ನ ರಟ್ಟಿ ಬಿದ್ದು ಹೋಗ್ಯಾವ."

"ಏನ್ ಮಾಡ್ಲಿ ಯವ್ವಾ, ಬ್ಯಾಸಗಿ ಬಂತಂದ್ರ ಎಲ್ಲರ ಏಸಿನೂ ಒಮ್ಮೆಲೇ ಕೆಡ್ತಾವ."

ತೊಟ್ಟಿಲಲ್ಲಿದ್ದ ಕೂಸಿನ ಕುತ್ತಿಗೆಯ ತುಂಬ ಕೆಂಪು ಬೆವರುಸಾಲೆ ಎದ್ದಿತ್ತು. ಅತ್ತು ಅತ್ತು ಅದರ ದನಿಯೂ ಸೋತಿತ್ತು.

"ಹತ್ತು ನಿಮಿಷ ತಂಪು ಬರ್ತದ್ರಿ ಅಣ್ಣಾ," ಎಂದಳು ಪಂಚಶೀಲಾ. "ಆಮ್ಯಾಲ ಮಾಳಿಗಿ ಮ್ಯಾಲಿನ ಪೆಟ್ಟಿಗಿ ಗಕ್ಕನ ನಿಂತು ಬಿಡ್ತದ. ಕಂಪ್ರೆಸರ್ ಸುಟ್ಟದೇನ್ರಿ? ಸುಟ್ಟಿದ್ರ ಹೊಸಾದು ಹಾಕ್ಸೂದು ಈಗ ನಮ್ಮ ಕೈಲೆ ಆಗಂಗಿಲ್ಲ."

"ನೋಡ್ತೀನಿ ತಂಗಿ."

ಒಂದೊಂದು ಮೆಟ್ಟಿಲಿಗೂ ಮೊಣಕಾಲಿನ ಮೇಲೆ ಕೈಯೂರಿ ಹತ್ತಿದ. ಮಾಳಿಗೆಯ ಮೂಲೆಯಲ್ಲಿದ್ದ ಪೆಟ್ಟಿಗೆಯ ಮೈತುಂಬ ಒದ್ದೆ ಗೋಣಿ ಸುತ್ತಿತ್ತು. ಕಿತ್ತು ನೋಡಿದರೆ, ಹಿಂಬದಿಯ ಸಣ್ಣ ತಗಡಿನ ಪದರುಗಳ ನಡುವೆ ಒಂದು ಕೂದಲು ತೂರುವಷ್ಟೂ ಜಾಗವಿಲ್ಲ. ಬೋರಿನ ಸವುಳು ನೀರಿನ ಉಪ್ಪು ಸುಣ್ಣದ ಹಾಗೆ ಕಟ್ಟಿ, ಅದರ ಮೇಲೆ ಗೋಣಿಯ ನಾರು ಮೆತ್ತಿಕೊಂಡಿತ್ತು.

ದೇವಕಮ್ಮ ಕೊಡ ಹೊತ್ತು ಬೆನ್ನಿಗೇ ಬಂದಿದ್ದಳು.

"ಇದಕ್ಯಾಕ ಯವ್ವಾ ಗೋಣಿ?"

"ನೀರಿನ ಹರವಿಗಿ ಒದ್ದಿ ಅರಿವಿ ಸುತ್ತಂಗಿಲ್ಲೇನು, ಹಂಗ. ದಿನಾ ಮಧ್ಯಾಹ್ನ ಎರಡು ಕೊಡ ಹಾಕ್ತೀನಿ."

"ಮನಿಯೊಳಗಿನ ಕಾವೆಲ್ಲ ಹೊತ್ಕೊಂಡು ಬಂದು ಇಲ್ಲಿ ಚೆಲ್ತದ ಇದು. ನೀ ನೋಡಿದ್ರ ಅದರ ಮೂಗು ಕಟ್ಟೀದಿ. ಯಾವ ಕತ್ತಿ ಹೇಳ್ತು ನಿನಗ ಹಿಂಗ ಮಾಡಂತ?"

"ಹ್ವಾದ ವರ್ಷ ಬಂದ ಮಿಸ್ತ್ರಿ ಹೇಳಿದ್ನಂತಪಾ. ಮಗಳು ಅಂದ್ಲು."

ಪಂಪಣ್ಣನ ಕೈ ಗೋಣಿಯ ಮೇಲೆಯೇ ನಿಂತಿತು. ಹೋದ ವರ್ಷ ಬಂದವನು ತಾನೇ. ಅವತ್ತು ಇದು ಆರನೆಯ ಮನೆ. ಒಳಗಿನ ಜಾಳಿಗೆ ತೊಳೆದು ಹಾಕಿದ್ದ. ಮೇಲಿನದು ತೊಳೆಯುವುದಿಲ್ಲವೇ ಎಂದು ಪಂಚಶೀಲಾ ಕೇಳಿದಾಗ ಮೆಟ್ಟಿಲ ಕಡೆ ಒಮ್ಮೆ ನೋಡಿ, ಅದೇನೂ ಹೊಲಸಾಗಿಲ್ಲ, ಬಿಸಿಲು ಜೋರಾದರೆ ಒಂದು ಒದ್ದೆ ಗೋಣಿ ಹಾಕಿರಿ ಸಾಕು ಎಂದಿದ್ದ. ಎರಡಕ್ಕೂ ರೊಕ್ಕ ತೆಗೆದುಕೊಂಡಿದ್ದ. ಬೈಕು ಹತ್ತುವಷ್ಟರಲ್ಲಿ ಆ ಮಾತು ಮರೆತೂ ಹೋಗಿತ್ತು.

ದೇವಕಮ್ಮನ ದನಿ ಇಳಿಯಿತು. "ಅವ ಒಂದು ಗೋಣಿ ಹಾಕಂದಿದ್ದ. ಕೊಡಗಟ್ಲೆ ಸುರೀ ಅಂದಿರ್ಲಿಕ್ಕಿಲ್ಲ. ನಂದೇ ತಪ್ಪಾತು ನೋಡು. ಮಿಷನ್ ಹೋತೇನು ತಮ್ಮಾ?"

ಹೌದು, ನಿನ್ನದೇ ತಪ್ಪು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಪಂಪಣ್ಣ ಹಾಗನ್ನಲಿಲ್ಲ. ತನ್ನದು ಎಂದೂ ಅನ್ನಲಿಲ್ಲ.

"ಬೋರ್ ನೀರು ಬ್ಯಾಡ. ಕುಡಿಯೋ ನೀರು ನಾಕು ಕೊಡ ತಾ," ಎಂದ.

"ನಳ ಬರೂದು ನಾಲ್ಕು ದಿನಕ್ಕೊಮ್ಮಿ!" ಎನ್ನುತ್ತಲೇ ಅವಳು ಇಳಿದು ಹೋದಳು.

ಕರೆಂಟು ತೆಗೆದು ಪೆಟ್ಟಿಗೆ ಬಿಚ್ಚಿದ. ಮೊದಲು ಒಣ ಬ್ರಷ್ಷಿನಿಂದ ನಾರು ಬಿಡಿಸಿ, ಪದರು ಬಾಗದಂತೆ ಮೇಲಿಂದ ಕೆಳಗೆ ನೀರು ಬಿಟ್ಟ. ಉಪ್ಪು ಒಂದೇ ಸಲಕ್ಕೆ ಬಿಡಲಿಲ್ಲ. ನೆನೆಸಿ, ಕಾದು, ಮತ್ತೆ ತಿಕ್ಕಬೇಕಾಯಿತು. ನೆಲಕ್ಕೂರಿದ ಮೊಣಕಾಲು ಸುಟ್ಟಿತು. ನಾಲ್ಕನೆಯ ಕೊಡ ಮುಗಿಯುವ ಹೊತ್ತಿಗೆ ಪದರುಗಳ ಸಂದಿನಿಂದ ಆಚೆಯ ಬಿಸಿಲು ಕಂಡಿತು.

ಚಾಲೂ ಮಾಡಿ, ಪೆಟ್ಟಿಗೆಯ ಪಕ್ಕದಲ್ಲೇ ಕೂತ. ಹತ್ತು ನಿಮಿಷ ದಾಟಿತು. ದೇವಕಮ್ಮ ಸೆರಗು ಕಚ್ಚಿ ನಿಂತಿದ್ದಳು. ಇಪ್ಪತ್ತಾಯಿತು, ಅರ್ಧ ತಾಸಾಯಿತು. ಅದು ಒಂದೇ ಸಮನೆ ಬಿಸಿಗಾಳಿ ಉಗುಳುತ್ತಲೇ ಇತ್ತು.

ಕೆಳಗೆ ಬಂದಾಗ ಕೂಸು ಬಾಯಿ ತೆರೆದು ಮಲಗಿತ್ತು. ಪಂಚಶೀಲಾ ಪರ್ಸು ತೆಗೆದಳು. "ಎಷ್ಟಾತ್ರಿ ಅಣ್ಣಾ?"

"ಹ್ವಾದ ವರ್ಷಾನೇ ಕೊಟ್ಟೀದಿ ತಂಗಿ. ಅವತ್ತು ನಾ ಮಾಳಿಗಿ ಹತ್ತೇ ಇಲ್ಲ. ಕಾಲು ಬ್ಯಾನಿಗಿ ಬ್ಯಾಸತ್ತು, ಬಾಯಿಗಿ ಬಂದಂಗ ಗೋಣಿ ಮಾತು ಹೇಳಿ ಹ್ವಾದೆ. ನಿಮ್ಮವ್ವಂದೇನೂ ತಪ್ಪಿಲ್ಲ."

ಪಂಚಶೀಲಾ ಪರ್ಸು ಹಿಡಿದುಕೊಂಡೇ ನಿಂತಳು. ಅವ್ವನ ಮುಖ ನೋಡಿದಳು.

"ಹಂಗಾರ ಆ ಕತ್ತಿ ನೀನೇ ಏನು?" ಎಂದಳು ದೇವಕಮ್ಮ.

"ಹೌದವಾ."

ಅವಳು ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಅವನ ಮುಂದೆ ಕುಕ್ಕಿದಳು. "ಕುಡಿ. ಎಲ್ಲಾ ನೀರೂ ನಿನ್ನ ಮಿಷನ್ನಿಗೇ ಹ್ವಾದ್ವು."

ಕುಡಿಯುತ್ತಿರುವಾಗಲೇ ಫೋನು ಬಂತು. ನಾಲ್ಕನೆಯ ಮನೆಯವರು. ಪೆಟ್ಟಿಗೆ ಎಷ್ಟನೆಯ ಮಾಳಿಗೆಯ ಮೇಲಿದೆ ಎಂದು ಕೇಳಿದ. ಎರಡನೆಯದು ಎಂದರು.

"ಬರ್ತೀನ್ರಿ," ಎಂದ.

ಹೊರಡುವಾಗ, ಮಾಳಿಗೆಯಿಂದ ತಂದಿದ್ದ ಆ ಗೋಣಿಯನ್ನು ತಾನೇ ಎತ್ತಿಕೊಂಡ. ಬೈಕಿನ ಸೀಟು ಮುಟ್ಟಲಾಗದಷ್ಟು ಕಾದಿತ್ತು. ಇನ್ನೂ ತುಸು ಹಸಿಯಿದ್ದ ಗೋಣಿಯನ್ನು ಅದರ ಮೇಲೆ ಮಡಚಿ ಹಾಸಿ, ಬಲಮೊಣಕಾಲು ತಪ್ಪಿಸಿ ಪಕ್ಕದಲ್ಲೇ ನಿಂತು ಎಡಗಾಲಿನಿಂದ ಕಿಕ್ ಹೊಡೆದು, ಹತ್ತಿ ಕೂತ.