ಪಾಲಿಗೆ ಬಂದ ಗೋಡೆ

ಪ್ರತಿ ವರ್ಷ ಮೊದಲ ಮಳೆಗೆ ಮುಂಚೆ ಒಂದು ದಿನ ನಾನೂ ಅವ್ವನೂ ಮಾತಿಲ್ಲದೆ ಗೋಡೆಗೆ ಮಣ್ಣು ಸಾರಿಸುತ್ತಿದ್ದೆವು. ಹಾಳುಬಿದ್ದ ಕೋಟೆಯ ಬುಡದಿಂದ ತಂದ ಮಣ್ಣನ್ನು ಅವ್ವ ಹಿಂದಿನ ದಿನವೇ ನೆನೆಹಾಕಿ, ಹರಳು ಆರಿಸಿ, ಗಟ್ಟಿ ಮೊಸರಿನ ಹಾಗೆ ಕಲಸಿ ಇಡುತ್ತಿದ್ದಳು. ಅವಳು ಬುಡದಿಂದ ಮೇಲಕ್ಕೆ, ನಾನು ಹಲಗೆಯ ಮೇಲೆ ನಿಂತು ತೊಲೆಯಿಂದ ಕೆಳಕ್ಕೆ. ಅಂಗೈ ಗೋಡೆಯ ಮೇಲೆ ಕಮಾನು ಬಿಡಿಸುತ್ತ ಹೋಗುವ ಸಪ್ಪಳವೊಂದೇ ಮನೆಯಲ್ಲಿ. ಅವ್ವ ಸುಮ್ಮನಿರುತ್ತಿದ್ದುದಕ್ಕೆ ಕಾರಣವಿತ್ತು. ಗೋಡೆಯ ಆ ಕಡೆ ಅದೇ ಹೊತ್ತಿಗೆ ಇನ್ನೊಂದು ಕೈ ಸಾರಿಸುತ್ತಿರುತ್ತಿತ್ತು. ಅದು ನಿಂತರೆ ಅವ್ವನೂ ನಿಲ್ಲಿಸುತ್ತಿದ್ದಳು, ಅದು ಮುಂದುವರಿದರೆ ಅವಳೂ ಮುಂದುವರಿಯುತ್ತಿದ್ದಳು. ಮಣ್ಣಿನ ಗೋಡೆಗೆ ಎರಡೂ ಕಡೆ ಒಂದೇ ದಿನ ಕೈಯಾಡಬೇಕು, ಒಂದೇ ಕಡೆ ನೆನೆದ ಗೋಡೆ ಮುನಿಯುತ್ತದೆ ಎಂದು ಅವಳು ನಂಬಿದ್ದಳು.

ಆ ಇನ್ನೊಂದು ಕೈ ಕಾಶವ್ವನದು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದುದು ಆ ಒಂದೇ ಗೋಡೆ, ಮೊಳದಷ್ಟು ದಪ್ಪ. ಅವಳ ಮನೆ ಪೇಟೆಯ ದೊಡ್ಡ ರಸ್ತೆಗೆ ಮುಖ ಮಾಡಿತ್ತು, ದೊಡ್ಡದು. ನಮ್ಮದು ಅದರ ಬೆನ್ನಿಗೆ ಅಂಟಿಕೊಂಡು ಓಣಿಯ ಕಡೆ ತೆರೆದ, ಹನ್ನೆರಡು ಫೂಟು ಅಗಲದ ಮಾಳಿಗೆ ಮನೆ. ಅಡಿಗೆಯ ಮೂಲೆಯಲ್ಲಿ ನನ್ನ ಎದೆಯೆತ್ತರಕ್ಕೆ ಗೋಡೆಗೊಂದು ಕಿಂಡಿ ಇತ್ತು, ಒಂದು ತಂಬಿಗೆ ದಾಟುವಷ್ಟು. ಅದನ್ನು ಯಾರು ಬಿಟ್ಟರೋ, ಯಾವಾಗ ಬಿಟ್ಟರೋ ಯಾರಿಗೂ ಗೊತ್ತಿರಲಿಲ್ಲ. ಹೆಪ್ಪಿನ ಮಜ್ಜಿಗೆ, ಒಲೆಯ ಕೆಂಡ, ಕರಿಬೇವು, ಊರಿನ ಸುದ್ದಿ ಎಲ್ಲ ಅದರಲ್ಲೇ ಹಾದುಹೋಗುತ್ತಿದ್ದವು. ಸಾರಿಸುವ ಕೆಲಸ ಮುಗಿದ ಮೇಲೆ ಕಾಶವ್ವ ಮಣ್ಣಾದ ಕೈಯನ್ನು ಕಿಂಡಿಯಲ್ಲಿ ಚಾಚುತ್ತಿದ್ದಳು. ಅವ್ವ ಅದರ ಮೇಲೆ ಒಂದು ಶೇಂಗಾ ಉಂಡಿ ಇಡುತ್ತಿದ್ದಳು.

ನನ್ನ ತಂದೆ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದ. ಅವ್ವ ಕೌದಿ ಹೊಲಿಯುತ್ತಿದ್ದಳು. ಜನ ಹಳೆಯ ಸೀರೆ, ಧೋತರ ಗಂಟು ಕಟ್ಟಿ ತಂದು ಕೊಡುತ್ತಿದ್ದರು. ಅವನ್ನು ಪದರಪದರವಾಗಿ ನೆಲದ ಮೇಲೆ ಹಾಸಿ, ಅವಳು ಒಂದು ತುದಿಗೆ ಕೂತರೆ ನಾನು ಇನ್ನೊಂದು ತುದಿಗೆ ಕೂತು, ಹೊಲಿಗೆ ಹಾಕುತ್ತ ಹಾಕುತ್ತ ನಡುವೆ ಬಂದು ಸೇರುತ್ತಿದ್ದೆವು. ಆ ಕೆಲಸಕ್ಕೆ ಇನ್ನೆರಡು ಕೈ ಬೇಕಾಗಿ ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟಿದ್ದಕ್ಕೆ ಅಂಥ ದುಃಖವೇನೂ ಆಗಲಿಲ್ಲ. ಹೊರಗಿನವರ ಮುಂದೆ ನನಗೆ ದನಿಯೇ ಹೊರಡುತ್ತಿರಲಿಲ್ಲ. ಗುರುಗಳು ಹೆಸರು ಕೂಗಿದರೆ ಬರೀ ಕೈ ಎತ್ತುತ್ತಿದ್ದೆ. ಕಾಶವ್ವ ಅದನ್ನೇ ಹಿಡಿದು ಕಾಡುತ್ತಿದ್ದಳು.

"ಫಕೀರವ್ವ, ನಿನ ಮಗಳ ದನಿ ಕೇಳಬೇಕಂದ್ರ ಕಿಂಡ್ಯಾಗ ಕಿವಿ ಇಟಗೊಂಡು ಕುಂದರಬೇಕ ನೋಡು. ನಾಳೆ ಗಂಡ ಬಂದು ಕರದ್ರೂ ಇಕಿ ಕೈಯಽ ಎತ್ತತಾಳ."

ಅವಳಿಗೆ ನಾನು ದೊಡ್ಡವ್ವ ಅನ್ನುತ್ತಿದ್ದೆ. ಅವಳೊಬ್ಬಳ ಹತ್ತಿರ ಮಾತ್ರ ನನಗೆ ಮಾತು ಬರುತ್ತಿತ್ತು, ಅದೂ ಗೋಡೆ ನಡುವೆ ಇದ್ದರೆ.

ಒಂದು ದಿನ ಪುರಸಭೆಯ ಪಡಸಾಲೆಯಲ್ಲಿ ಊರಿನ ನಕಾಶೆ ತೂಗುಹಾಕಿದರು. ಇನ್ನು ಮುಂದೆ ಯಾರು ಎಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ಎಷ್ಟು ಜಾಗ ಬಿಟ್ಟು ಅನ್ನುವುದಕ್ಕೆಲ್ಲ ಕಾನೂನು ಬಂದಿತ್ತು. ವಾಸದ ಮನೆಗಳಿಗೆ ಹಳದಿ, ಅಂಗಡಿ ಪೇಟೆಗೆ ನೀಲಿ, ಬಯಲಿಗೆ ಹಸಿರು. ಜನ ಬೆರಳಿಟ್ಟು ತಮ್ಮ ಮನೆ ಹುಡುಕುತ್ತಿದ್ದರು. ಮುದುಕನೊಬ್ಬ ಸುಡುಗಾಡಿಗೆ ಯಾವ ಬಣ್ಣ ಅಂತ ಕೇಳಿದ. ಹಸಿರು ಅಂದರು. "ಹಂಗಾದ್ರ ನನ್ನ ಹೆಸರಿಗೂ ಒಂದೀಟ ಹಸರ ಐತಿ ಅನ್ರಿ" ಅಂದ. ಎಲ್ಲರೂ ನಕ್ಕರು. ಅವ್ವ ನನ್ನನ್ನು ಮುಂದೆ ತಳ್ಳಿ ನಮ್ಮ ಮನೆ ತೋರಿಸು ಅಂದಳು. ಕಾಶವ್ವನ ಮನೆಯ ಮೇಲೆ ನೀಲಿ ಇತ್ತು, ನಮ್ಮದರ ಮೇಲೆ ಹಳದಿ. ಎರಡು ಬಣ್ಣ ಕೂಡುವಲ್ಲಿ ಒಂದು ಕರಿಯ ಗೀಟು. ಆ ಗೀಟು ನಮ್ಮ ಗೋಡೆ ಅಂತ ನಾನು ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ಬಹಳ ಹೊತ್ತು ನೋಡಿ, ಇದರಲ್ಲಿ ಕಿಂಡಿ ಎಲ್ಲಿದೆ ಅಂತ ಕೇಳಿದಳು.

ನೀಲಿ ಬಿದ್ದದ್ದೇ ಕಾಶವ್ವನ ಮಗ ವಿರುಪಾಕ್ಷಿ ಹಳೆಯ ಮನೆ ಕೆಡವಿ ಕೆಳಗೆ ಅಂಗಡಿ, ಮೇಲೆ ಲಾಡ್ಜಿನ ಕೋಣೆಗಳನ್ನು ಕಟ್ಟಿಸುವುದಕ್ಕೆ ಹೊರಟ. ಕೆಟ್ಟವನಲ್ಲ. ಅವ್ವನಿಗೆ ಚಿಗವ್ವ ಅನ್ನುತ್ತಿದ್ದ, ಎದುರು ಸಿಕ್ಕರೆ ಚಪ್ಪಲಿ ಬಿಟ್ಟು ಮಾತಾಡುತ್ತಿದ್ದ. ಅವನ ಅರ್ಜಿಯ ಮೇಲೆ ಪುರಸಭೆಯ ಅಳತೆಯವನು ಟೇಪು ಹಿಡಿದು ಬಂದ. ನಮ್ಮನ್ನೂ ಕರೆದರು. ಕಾಶವ್ವನ ಅಡಿಗೆಮನೆಯಲ್ಲಿ ನಿಂತು ಅವನು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದ.

"ಈ ಗ್ವಾಡಿ ಯಾರದು? ಇಬ್ಬರದೂ ಸಾಮಾಯಿಕ ಏನು?"

ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವ್ವ ಕಾಶವ್ವನನ್ನು ನೋಡಿದಳು. ಕಾಶವ್ವ ಮಗನನ್ನು ನೋಡಿದಳು. ಮಗ ಟೇಪಿನ ತುದಿಯನ್ನು ನೋಡುತ್ತಿದ್ದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೇಳಿದಳು.

"ಅವರದಽ ಬರಕೊಳ್ರಿ. ಪೂರ್ತಿ ಗ್ವಾಡಿ ಫಕೀರವ್ವಂದು. ಗಂಡ ಇಲ್ಲದ ಹೆಣಮಗಳು, ಆಕಿಗೊಂದು ಆಸರ ಇರಲಿ."

ಅವ್ವ ಬೇಡ ಬೇಡ ಅಂದಳು. ಇದ್ದ ಹಾಗೆ ಇಬ್ಬರದೂ ಇರಲಿ ಅಂದಳು. ಅಕ್ಕತಂಗಿಯರ ಹಾಗೆ ಇರುವವರ ನಡುವೆ ಎಂಥ ಅರ್ಧ ಅಂತ ಕಾಶವ್ವ ಬೈದಳು. ಅಳತೆಯವನಿಗೆ ಬೇರೆ ಮನೆಗೆ ಹೋಗುವುದಿತ್ತು, ಬರೆದುಕೊಂಡ. ಆ ಸಂಜೆ ಅವ್ವ ಕಿಂಡಿಯಲ್ಲಿ ಬೆಲ್ಲ ಕೊಟ್ಟಳು. ಜೀವಮಾನದಲ್ಲಿ ಅವಳಿಗೆ ಯಾರೂ ಅಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ. ಗೋಡೆಯನ್ನು ಹೊಸದಾಗಿ ನೋಡುವ ಹಾಗೆ ಮೂಲೆಯಿಂದ ಮೂಲೆಗೆ ನೋಡಿ, "ಪಾಲಿಗೆ ಬಂದದ್ದು ಪಂಚಾಮೃತ" ಅಂದಳು. ಕೌದಿ ಹೊಲಿಯುವಾಗ ಅದಕ್ಕೆ ಬೆನ್ನು ಕೊಟ್ಟು ಕೂತಳು.

ಬೇಸಿಗೆಯಲ್ಲಿ ಆ ಕಡೆಯ ಮನೆ ಹೋಯಿತು. ತೊಲೆಗಳನ್ನು ಇಳಿಸಿದರು, ಮಾಳಿಗೆಯ ಮಣ್ಣು ಎಳೆದು ಹಾಕಿದರು. ಕೆಲಸದವರು ನಮ್ಮ ಗೋಡೆಯನ್ನು ಮುಟ್ಟಲಿಲ್ಲ. ವಿರುಪಾಕ್ಷಿ ಎದುರಿಗೇ ನಿಂತು, ಚಿಗವ್ವನ ಗೋಡೆ, ಒಂದು ಹೆಂಟೆಯೂ ಅಲುಗಬಾರದು ಅಂತ ಹೇಳುತ್ತಿದ್ದ. ಧೂಳು ಇಳಿದ ಮೇಲೆ ನಾನು ಕಿಂಡಿಯಲ್ಲಿ ಕಣ್ಣಿಟ್ಟೆ. ಯಾವಾಗಲೂ ದೀಪವೋ ಒಲೆಯೋ ಕಾಣುತ್ತಿದ್ದಲ್ಲಿ ಆಕಾಶ ಕಂಡಿತು.

ಕಾನೂನಿನ ಪ್ರಕಾರ ಹೊಸ ಕಟ್ಟಡ ನಮ್ಮ ಗೋಡೆಯಿಂದ ಮೂರು ಫೂಟು ದೂರದಲ್ಲಿ ಎದ್ದಿತು. ಗಾಳಿ ಬೆಳಕಿಗೆ ಅಂತ ಬಿಡುವ ಜಾಗ ಅದು. ಸಿಮೆಂಟಿನ ಗೋಡೆ ಮೇಲೇರಿದ ಹಾಗೆ ಕಿಂಡಿಯಲ್ಲಿನ ಆಕಾಶ ಕಡಿಮೆಯಾಗುತ್ತ ಬಂದು ಕಡೆಗೆ ಇಲ್ಲವಾಯಿತು. ಕಿಂಡಿಗೆ ಎದುರಾಗಿ, ಮೇಲೆ, ಮೊದಲ ಮಹಡಿಯ ಬಚ್ಚಲಿನ ಸಣ್ಣ ಕಿಟಕಿ ಬಂತು. ಆ ಸಂದಿಗೆ ರಸ್ತೆಯ ಕಡೆ ಕಬ್ಬಿಣದ ಬಾಗಿಲು ಕೂಡಿಸಿ ಬೀಗ ಹಾಕಿದರು. ಕಾಶವ್ವ ಮೊದಲ ಮಹಡಿಗೆ ಹೋದಳು. ಅಲ್ಲಿಂದ ಒಮ್ಮೆ ಸೊಸೆಯ ಕೈಯಲ್ಲಿ ಹೋಳಿಗೆ ಕಳಿಸಿದಳು. ಅದು ಓಣಿ ಸುತ್ತಿ ಮುಂಬಾಗಿಲಿನಿಂದ ಬಂತು.

ಮಳೆ ಬಂತು. ನಮ್ಮ ಗೋಡೆಯ ಆ ಮೈ ಎಂದೂ ಮಳೆ ಕಂಡದ್ದಲ್ಲ. ಅದು ಕಾಶವ್ವನ ಅಡಿಗೆಮನೆಯ ಒಳಗೋಡೆಯಾಗಿತ್ತು. ಅದರ ಮೇಲೆ ಅವಳ ಹೊಗೆಯ ಮಸಿ, ಹಲಗೆ ಹೊಡೆದಿದ್ದ ಗುರುತು, ಅವಳ ಅಂಗೈ ಬಿಡಿಸಿದ ಕಮಾನುಗಳು ಹಾಗೇ ಇದ್ದವು. ಕಿಂಡಿಯಲ್ಲಿ ತಲೆ ಹೊರಳಿಸಿ ನೋಡಿದರೆ ಒಂದು ಅಂಚು ಕಾಣುತ್ತಿತ್ತು. ಮೊದಲ ಮಳೆಗೆ ಮಸಿ ಹೋಯಿತು. ಆಮೇಲೆ ಆ ಕಮಾನುಗಳು ಒಂದೊಂದಾಗಿ ಇಳಿದುಹೋಗುವುದನ್ನು ನಾನು ದಿನಾ ನೋಡಿದೆ. ಹೊಸ ಕಟ್ಟಡದ ತಾರಸಿಯ ನೀರು ಒಂದು ಕೊಳವೆಯಿಂದ ಸಂದಿಗೇ ಸುರಿಯುತ್ತಿತ್ತು. ನಮ್ಮ ಒಳಗೋಡೆಯ ಬುಡದಲ್ಲಿ ಗೇಣುದ್ದ ತೇವ ಏರಿತು. ಅವ್ವ ಅದರ ಮೇಲೆ ಕೈಯಿಟ್ಟು ನೋಡುತ್ತಿದ್ದಳು, ಜ್ವರ ನೋಡುವ ಹಾಗೆ.

ಬೀಗದ ಕೈ ಕೇಳಲು ಅವ್ವ ವಿರುಪಾಕ್ಷಿಯ ಅಂಗಡಿಗೆ ಹೋದಳು. ಮಳೆ ಬಿಡುವು ಕೊಟ್ಟ ದಿನ ಒಳಗೆ ಹೋಗಿ ಆ ಕಡೆಗೂ ಮಣ್ಣು ಸಾರಿಸಿ ಬರುತ್ತೇವೆ, ಬೇರೇನೂ ಬೇಡ ಅಂದಳು. ಅವನು ಎದ್ದುನಿಂತು ಕುರ್ಚಿ ಕೊಟ್ಟ. ನಾಳೆ ಅಂದ. ಇನ್ನೊಮ್ಮೆ ಹೋದಾಗ ಬೀಗದ ಕೈ ಎಲ್ಲೋ ಇಟ್ಟು ಮರೆತಿದ್ದೇನೆ ಅಂದ. ಮತ್ತೊಮ್ಮೆ ಹೋದಾಗ ನಾನೂ ಜೊತೆಗಿದ್ದೆ.

"ಹಂಗ ಬರೂದಿಲ್ಲ ಚಿಗವ್ವ. ಅದು ಗಾಳಿ ಬೆಳಕಿಂದು ಜಾಗಾ. ಅಲ್ಲೆ ಮಣ್ಣು ರಾಡಿ ಮಾಡಿದ್ರ ಪುರಸಭೆಯವರು ನನಗ ನೋಟೀಸ ಕೊಡತಾರ." ಆಮೇಲೆ ದನಿ ತಗ್ಗಿಸಿ, "ಗ್ವಾಡಿ ಬಿದ್ರ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಮನಿ ಜಾಗಾ ಯಾರೂ ಕೇಳಲಿಲ್ಲಂದ್ರ ನಾನಽ ತಗೋತೇನಿ" ಅಂದ.

ಅವ್ವ ನನ್ನ ಕೈ ಹಿಡಿದು ಹೊರಗೆ ಬಂದಳು. ಸೀದಾ ಪುರಸಭೆಗೆ ನಡೆದಳು. ಅಲ್ಲಿ ಅದೇ ಅಳತೆಯವನು ಕೂತಿದ್ದ. ನಮ್ಮ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಗೋಡೆ ಸಾಮಾಯಿಕ ಅಂತ ಇದ್ದಿದ್ದರೆ ಅವರು ತಮ್ಮ ಮನೆ ಕೆಡವುವ ಮುಂಚೆ ನಮ್ಮ ಒಪ್ಪಿಗೆ ಬೇಕಾಗುತ್ತಿತ್ತು, ಗೋಡೆಯನ್ನು ಕಾಯುವ ಭಾರವೂ ಅರ್ಧ ಅವರ ಮೇಲೆ ಬರುತ್ತಿತ್ತು ಅಂತ ತಿಳಿಸಿದ. ಈಗ ಗೋಡೆ ಪೂರ್ತಿ ನಮ್ಮದು, ಅದರ ಆಚೆಯ ನೆಲ ಪೂರ್ತಿ ಅವರದು.

"ಪೂರ್ತಿ ಗ್ವಾಡಿ ನೀವಽ ತಗೊಂಡ್ರೆಲ್ಲ ಯವ್ವಾ" ಅಂದ.

"ತಗೊಳ್ಳಿಲ್ರಿ. ಕೊಟ್ರು."

ಅವನು ಪೆನ್ನಿನ ಮುಚ್ಚಳ ಹಾಕಿದ. ಗೋಡೆ ಬಿದ್ದರೆ ಏನು ಅಂತ ಅವ್ವ ಕೇಳಿದಳು. ಹಳೆಯ ಗೋಡೆ ನಿಂತಿರುವ ತನಕ ಮಾಡಿದ್ದೆಲ್ಲ ದುರಸ್ತಿ, ಯಾರೂ ಏನೂ ಅನ್ನುವುದಿಲ್ಲ ಅಂದ. ಬಿದ್ದ ದಿನ ನಮ್ಮದು ಹೊಸ ಮನೆಯ ಲೆಕ್ಕ. ಹೊಸ ಮನೆಯಾದರೆ ಹಳದಿಯಲ್ಲೂ ಎರಡೂ ಬದಿಗೆ ಮೂರು ಮೂರು ಫೂಟು ಬಿಡಬೇಕು.

ಮನೆಗೆ ಬಂದು ಅವ್ವ ಅರ್ಧ ಹೊಲಿದ ಒಂದು ಕೌದಿಯನ್ನು ನೆಲದ ನಡುವೆ ಹಾಸಿದಳು. ಎರಡೂ ಗೋಡೆಗಳಿಂದ ಮೂರು ಫೂಟು ಬಿಟ್ಟು ಹಾಸಿದಳು. ಉಳಿದ ನೆಲವನ್ನೆಲ್ಲ ಕೌದಿಯೇ ತುಂಬಿತು. ಬದಿಗೆ ಕಾಲಿಡಲು, ಕೂತು ಸೂಜಿ ಎಳೆಯಲು ಜಾಗವಿರಲಿಲ್ಲ. ನಾವಿಬ್ಬರೂ ಆ ಇಲ್ಲದ ಮನೆಯ ಹೊರಗೆ ನಿಂತು ಅದನ್ನು ನೋಡಿದೆವು. ಅವ್ವ ಕೌದಿ ಮಡಿಚಿ ಇಟ್ಟಳು.

ಕಾಶವ್ವನಿಗೆ ಇದೆಲ್ಲ ಗೊತ್ತಿತ್ತೇ ಅಂತ ನಾನು ಇಂದಿಗೂ ಯೋಚಿಸುತ್ತೇನೆ. ಮಗ ಹೇಳಿಕೊಟ್ಟ ಮಾತನ್ನು ಅವಳು ಆಡಿರಬಹುದು. ಹೇಳಿಕೊಟ್ಟದ್ದು ನಮ್ಮ ಒಳ್ಳೆಯದಕ್ಕೇ ಅಂತ ನಂಬಿ ಆಡಿರಲೂಬಹುದು. ಆದರೆ ಆ ದಿನ ಅವಳು ಮೊದಲು ಮಗನನ್ನು ನೋಡಿದಳು, ಆಮೇಲೆ ಸೆರಗು ಎಳೆದುಕೊಂಡಳು. ಅದನ್ನು ನಾನು ಕಂಡಿದ್ದೇನೆ. ಕೊಡುವವರು ತೆಗೆದುಕೊಳ್ಳುವವರ ಮುಖ ನೋಡುತ್ತಾರೆ. ಅವ್ವ ಮಾತ್ರ ಅವಳ ಮೇಲೆ ಒಂದು ಮಾತೂ ಆಡಲಿಲ್ಲ. ಈಗ ಬಾಡಿಗೆಯ ಕೋಣೆಯಲ್ಲಿ ಕೌದಿಯನ್ನು ಅರ್ಧ ಮಡಿಚಿ, ಒಬ್ಬರಾದ ಮೇಲೆ ಒಬ್ಬರು ಕೂತು ಹೊಲಿಯುವಾಗಲೂ ಆಡುವುದಿಲ್ಲ. ಗೋಡೆ ಬಿದ್ದ ಮೇಲೆ ವಿರುಪಾಕ್ಷಿ ಕೊಂಡ ನಮ್ಮ ಮನೆಯ ಜಾಗದಲ್ಲಿ ಲಾಡ್ಜಿಗೆ ಬಂದವರ ಗಾಡಿಗಳು ನಿಲ್ಲುತ್ತವೆ.

ಗೋಡೆ ಬೀಳುವುದಕ್ಕೆ ಕೆಲವು ದಿನ ಮುಂಚೆ ಮಳೆ ಒಂದು ದಿನ ಬಿಟ್ಟಿತ್ತು. ಬೆಳಗ್ಗೆ ಎದ್ದಾಗ ಅವ್ವ ಮಣ್ಣು ಕಲಸುತ್ತಿದ್ದಳು. ನಾನು ಹಲಗೆ ತಂದು ಹಾಕಿದೆ. ಒಳಗಿನ ಗೋಡೆಯಲ್ಲಿ ನನ್ನ ಭುಜದೆತ್ತರಕ್ಕೆ ಬಿರುಕು ಬಂದಿತ್ತು. ಅವಳು ಬುಡದಿಂದ ಮೇಲಕ್ಕೆ ಸಾರಿಸಿದಳು, ನಾನು ಮೇಲಿನಿಂದ ಕೆಳಕ್ಕೆ. ನಡುನಡುವೆ ಅವ್ವನ ಕೈ ತಾನಾಗಿ ನಿಲ್ಲುತ್ತಿತ್ತು. ಆ ಕಡೆ ಏನೂ ಇರಲಿಲ್ಲ. ಮತ್ತೆ ಸಾರಿಸುತ್ತಿದ್ದಳು. ಮುಗಿದ ಮೇಲೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಕಿಂಡಿಯಲ್ಲಿ ತೋಳು ತೂರಿಸಿದಳು. ಅವಳ ತೋಳು ಮೊಣಕೈಗೆ ಸಿಕ್ಕಿಕೊಂಡಿತು. ತೆಗೆದು ನನ್ನ ಕಡೆ ನೋಡಿದಳು.

ನನ್ನ ತೋಳು ಸಣ್ಣದು. ಭುಜದ ತನಕ ಹೋಯಿತು. ಆ ಕಡೆಯ ಮೈಯನ್ನು ನಾನು ಮೊದಲ ಸಲ ಮುಟ್ಟಿದೆ. ನೆನೆದ ರೊಟ್ಟಿಯ ಹಾಗಿತ್ತು, ಬೆರಳು ಒತ್ತಿದರೆ ಒಳಗಿಳಿಯುತ್ತಿತ್ತು. ಮಣಿಕಟ್ಟು ತಿರುಗುವಷ್ಟು ದೂರ ಕಿಂಡಿಯ ಸುತ್ತಲೂ ಸಾರಿಸಿದೆ. ಕೈ ಈಚೆ ತೆಗೆದಾಗಲೆಲ್ಲ ಅವ್ವ ಅದಕ್ಕೆ ಮಣ್ಣು ಕೊಡುತ್ತಿದ್ದಳು, ನಾನು ಆ ಕಡೆಗೆ ಒಯ್ಯುತ್ತಿದ್ದೆ. ಒಂದು ತಟ್ಟೆಯಷ್ಟು ಅಗಲ ಆಗಿರಬೇಕು.

ಎದುರಿನ ಬಚ್ಚಲಿನಲ್ಲಿ ಯಾರೋ ಬಕೀಟಿಗೆ ನೀರು ಬಿಟ್ಟುಕೊಳ್ಳುತ್ತಿದ್ದರು. ಬಳೆಗಳ ಸಪ್ಪಳ ಕೇಳಿತು. ಕಿಂಡಿಯಲ್ಲಿ ಕೈ ಚಾಚುವಾಗ ಕೇಳುತ್ತಿದ್ದ ಆ ಬಳೆಗಳು ನನಗೆ ಗೊತ್ತಿದ್ದವು. ಅವ್ವನಿಗೂ ಗೊತ್ತಿದ್ದವು, ಅವಳು ತಲೆ ತಗ್ಗಿಸಿದಳು. ನಾನು ಕೆನ್ನೆಯನ್ನು ಹಸಿ ಗೋಡೆಗೆ ಒತ್ತಿ, ಬಾಯನ್ನು ಕಿಂಡಿಯ ಹತ್ತಿರ ತಂದೆ. ಹುಟ್ಟಿದಾಗಿನಿಂದ ಅವಳಿಗೆ ನೀನು ಅನ್ನುತ್ತಿದ್ದ ನನ್ನ ಬಾಯಲ್ಲಿ ಆ ದಿನ ನೀವು ಅನ್ನುವ ಮಾತು ಬಂತು. ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿ ಬಂತು.

"ದೊಡ್ಡವ್ವಾ, ಬೀಗದ ಕೈ ಕೊಡ್ರಿ. ಒಂದ ಸಲ ಆ ಕಡೆ ಮಣ್ಣ ಹಚ್ಚಿ ಬರ್ತೇವಿ."

ನೀರಿನ ಸಪ್ಪಳ ನಿಂತಿತು. ನನ್ನ ಕೈ ಇನ್ನೂ ಆ ಕಡೆಯೇ ಇತ್ತು. ಅದರ ಮೇಲಿನ ಮಣ್ಣು ನಿಧಾನವಾಗಿ ಒಣಗಿ, ಬೆರಳುಗಳ ಸುತ್ತ ಬಿಗಿಯತೊಡಗಿತು.